ಅಮ್ಮನ ಅಲ್ಸರ್

...ಇನ್ನೊಂದು ಹಾಕಪ್ಪ ಈ ಪ್ಲೇಟಿಗೆ. ಯಾಕ್ರೀ ಹಾಗ್ ನೋಡ್ತೀರಾ? ಹೌದು, ಮೆಣಸಿನಕಾಯಿ ಬಜ್ಜೀನೇ. ನಾನೇ ತಿಂತಿರೋದು! ನಿಮ್ದೂ ಆರ್ತಿದೆ, ತಿನ್ನಿ. ಕೆ.ಆರ್. ಪುರದ ಬಸ್ಸು ಈಗೆಲ್ಲಿ ಬರತ್ತೆ, ಮೆಟ್ರೋಗೆ ಅಂತ ಇಂದಿರಾನಗರಾನೇ ಅಗೆದು ಹಾಕಿದ್ದಾರೆ.

ಇಷ್ಟು ವರ್ಷ ಖಾರ ಯಾಕ್ ಮುಟ್ಟಿರ್ಲಿಲ್ಲ ಅಂತ ನಿಮ್ಗೆ ಗೊತ್ತಿಲ್ವಾ? ಅಮ್ಮ ಹೋದಾಗ ನಂಗೆ ಒಂಬತ್ತು. ಅಲ್ಸರ್ ಅಂದ್ರಿ. ಎಲ್ಲಾರೂ ಒಂದೇ ಬಾಯಲ್ಲಿ! 'ಖಾರ ತಿಂದೂ ತಿಂದೂ ನಿಮ್ಮಮ್ಮಂಗೆ ಕರುಳಲ್ಲಿ ಹುಣ್ಣಾಯ್ತು ಕಣೇ.' ಅವತ್ತಿಂದ ಒಗ್ಗರಣೇಲಿರೋ ಮೆಣಸಿನಕಾಯಿ ಕಂಡ್ರೂ ಎತ್ತಿಡ್ತಿದ್ದೆ. ನಮ್ಮದೇ ಮದ್ವೇಲಿ ನಂಗೆ ಬರೀ ಮೊಸರನ್ನ ಬಡಿಸಿದ್ರು. ನೀವು ಪಕ್ಕದಲ್ಲೇ ಕೂತಿದ್ರಿ. ನಗಾಡಿದ್ರಿ!

ಹೋದ್ಸಲ ನಾನೊಬ್ಳೇ ಆಸ್ಪತ್ರೆಗೆ ಬಂದಾಗ ಆ ಡಾಕ್ಟ್ರಮ್ಮಂಗೂ ಅಮ್ಮನದು ಅಲ್ಸರ್ ಅಂತಾನೇ ಹೇಳಿದ್ದೆ. ಇವತ್ತು ನಿಮ್ಮನ್ನ ಕೇಳಿದ್ದೇ ತಡ, ಪಟಪಟ ಅಂದ್ಬಿಟ್ರಲ್ಲ! 'ನಮ್ಮಮ್ಮಂಗೆ ಎದೆ ಕ್ಯಾನ್ಸರ್, ನಮ್ಮಕ್ಕಂಗೆ ಅಂಡಾಶಯದ್ದು.' ಯಾರ್ರೀ ನಿಮ್ಮಕ್ಕ? ನನ್ನಮ್ಮ! ಗುರುತಿಲ್ಲದ ಡಾಕ್ಟ್ರಿಗೆ ಒಂದು ನಿಮಿಷದಲ್ಲಿ ಹೇಳಿದ್ದನ್ನ, ಪಕ್ಕದಲ್ಲಿ ಮಲಗೋಳಿಗೆ ಇಪ್ಪತ್ತು ವರ್ಷ ಹೇಳ್ಲಿಲ್ಲ. ಅದಕ್ಕೆ ಆಕೆ 'ಇದು ಗಂಡನ ಕಡೇದಾಯ್ತು, ಹೆಂಡ್ತಿ ಕಡೇದು ಹೇಳಿ' ಅಂದ್ರೆ... ನಂಗೆ ನಗು ಬಂತು. ಎರಡೂ ಒಂದೇ ಕಡೆ ಡಾಕ್ಟ್ರೇ, ಇವ್ರು ನನ್ನ ಸೋದರಮಾವ!

ಏನು, ಮೆಲ್ಲಗೆ ಮಾತಾಡ್ಬೇಕಾ? ಕೇಳ್ಲಿ ಬಿಡಿ ಜನ! ಮನೆ ಮಾತು ಹೊಸಿಲು ದಾಟಬಾರ್ದು ಅಂತ ತಾನೆ ಇಷ್ಟೆಲ್ಲಾ ಆಗಿದ್ದು. ನನ್ನ ಒಡಹುಟ್ಟಿದ ಮಧುರಕ್ಕನ್ನ ನೋಡೋಕ್ ಬಂದೋರೆಲ್ಲಾ ಅಲ್ಲಿ ಇಲ್ಲಿ ವಿಚಾರಿಸಿ ವಾಪಸ್ ಹೋದ್ರು. ಕಡೆಗೂ ಅವಳಿಗೆ ಮದ್ವೆನೇ ಆಗ್ಲಿಲ್ಲ. ಅದಕ್ಕೇ ನನ್ನ ಹೊರಗೆ ಕೊಡದೆ ನಿಮ್ಗೇ ಕಟ್ಟಿದ್ರು... ನಾನೇನಂದ್ಕೊಂಡಿದ್ದೆ ಗೊತ್ತಾ? ಮಾವಂಗೆ ನನ್ ಮೇಲೆ ಆಸೆ ಅಂತ!

ಇತ್ತಾ? ಇರ್ಬಹುದು. ಈಗ ಹೇಗ್ ನಂಬ್ಲಿ? ಹೋದ ವರ್ಷ ಅಕ್ಕಂಗೆ ಎದೇಲಿ ಗಂಟು ಕಾಣಿಸದೇ ಇದ್ದಿದ್ರೆ, ನನ್ನ ರಕ್ತ ಯಾರು ಪರೀಕ್ಷೆ ಮಾಡಿಸ್ತಿದ್ರು? ಬೇಲೀನೇ ಎದ್ದು ಹೊಲ ಮೇಯ್ದ್ರೆ ನಾನ್ ಯಾರಿಗ್ ಹೇಳ್ಲಿ ಮಾವ? ...ಹೂಂ, ಚಿಕ್ಕೋಳಿದ್ದಾಗ ಕರೀತಿದ್ದ ಹಾಗೇ ಕರೀತೀನಿ. 'ರೀ' ಅನ್ನೋಕೆ ಬಾಯಿ ಬರ್ತಿಲ್ಲ.

ಹೌದು, ಅಳ್ತಾನೇ ಇದ್ದೀನಿ. ಖಾರಕ್ಕಲ್ಲ.

ಅಕ್ಕಂಗಿರೋ ಜೀನ್ ದೋಷಾನೇ ನನ್ನ ರಕ್ತದಲ್ಲೂ ಇದೆ ಅಂತ ರಿಪೋರ್ಟ್ ಬಂದಿದೆಯಲ್ಲ, ತೆಗೆಸ್ತೀನಿ. ಎರಡು ಎದೇನೂ, ಅಂಡಾಶಯಾನೂ. ಸೋಮವಾರ ಅಡ್ಮಿಟ್ ಆಗ್ತೀನಿ. ಚೆನ್ನಾಗಿರೋದನ್ನ ಯಾಕ್ ಕೊಯ್ಸ್ಕೋತೀಯ ಅಂತ ನೀವ್ ಮಾತ್ರ ಕೇಳ್ಬೇಡಿ! ಭಯ ಇಲ್ದೆ ಏನು, ಇದೆ. ಆಮೇಲೆ ಸ್ನಾನದ ಮನೇಲಿ ನನ್ನ ನಾನೇ ಹೇಗ್ ನೋಡ್ಕೊಳ್ಳೋದು ಅಂತ ಭಯ. ಆದ್ರೆ ನಾನು ಬದುಕ್ಬೇಕು. ನನ್ ಮಗಳು ನನ್ ಹಾಗೆ ತಾಯಿ ಇಲ್ದೆ, ಒಂದು ಸುಳ್ಳು ನಂಬ್ಕೊಂಡು ಬೆಳೀಬಾರ್ದು.

ಎಲ್ಲಿಗ್ ಎದ್ರಿ? ಆಶ್ರಿತಾಗೆ ಎರಡು ಕಟ್ಟಿಸೋಕಾ? ಬೇಡ... ಬೇಡ ಅಂದ್ನಲ್ಲ. ಅವಳು ತಿನ್ನಲ್ಲ.

ಗೊತ್ತು ಮಾವ, ಬಜ್ಜಿ ಅಂದ್ರೆ ಅವಳಿಗೆ ಪ್ರಾಣ. ನನ್ ಕಣ್ಣು ತಪ್ಪಿಸಿ ಅಪ್ಪ ಮಗಳು ತಿನ್ನೋದೂ ಗೊತ್ತು. ಇನ್ಮೇಲೆ ತಿನ್ನಲ್ಲ, ಅಷ್ಟೇ.

ಬೈರಿ ಬೇಕಾದ್ರೆ. ಹಾಗ್ ನಿಂತ್ಕೊಂಡು ನೋಡ್ಬೇಡಿ ನನ್ನ...

ಬೆಳಿಗ್ಗೆ ತಿಂಡಿಗ್ ಕೂತಾಗ ಕೇಳಿದ್ಲು. 'ಅಮ್ಮ, ನಿಂಗೆ ಎಂಥ ಆಪರೇಷನ್?' ಪಿಯುಸಿ ಪರೀಕ್ಷೆ ಹತ್ರ ಬಂತಲ್ಲ, ಹೆದರ್ಕೋತಾಳೆ ಅಂತ... ಅದೇ ಬಾಯಿಗ್ ಬಂತು. ಅಲ್ಸರ್ ಅಂದೆ.

ಮಾವ, ತಟ್ಟೇಲಿದ್ದ ಉಪ್ಪಿನಕಾಯಿನ ಮೆಲ್ಲಗೆ ಪಕ್ಕಕ್ಕೆ ಸರಿಸಿದ್ಲು.