ಒಳಮೈ ಸಂಚಿಕೆಯ ನೀಲಿ ಕೋಟು

ನಾನು, ಈ ಹೇಳಿಕೆಯ ಕೊನೆಗೆ ಸಹಿ ಮಾಡಿರುವವಳು, ವಯಸ್ಸು ಇಪ್ಪತ್ತೊಂದು, ಉಡುಪು ವಿನ್ಯಾಸ ಕಾಲೇಜಿನ ಮೂರನೇ ವರ್ಷದ ವಿದ್ಯಾರ್ಥಿನಿ, ವಿದ್ಯಾರ್ಥಿಗಳ ಫ್ಯಾಷನ್ ಪತ್ರಿಕೆಯ ಸಂಪಾದಕಿ, ವಾಸ ಕಾಲೇಜಿನ ಹಿಂದಿನ ರಸ್ತೆಯ ಮೂರನೇ ಮಹಡಿ, ಅಪ್ಪ, ಅಮ್ಮ ಮತ್ತು ಅಣ್ಣನ ಜೊತೆ. ಇಂದು ಮಧ್ಯಾಹ್ನ 12-50ಕ್ಕೆ ಠಾಣೆಯಲ್ಲಿ ಕುಳಿತು, ಇಲ್ಲಿನ ಬರಹಗಾರರ ಕೈಯಲ್ಲಿ ಬರೆಸಿ, ಈ ಮೂಲಕ ತಿಳಿಸುವುದೇನೆಂದರೆ,

ಈ ತಿಂಗಳ 4ರಂದು ಹೊಲಿಗೆ ಕೋಣೆಯಲ್ಲಿ ನಾವು ಐದು ಜನ ಸಭೆ ಸೇರಿ, ಈ ಸಲದ ಸಂಚಿಕೆಗೆ ‘ಒಳಮೈ’ ಎಂದು ಹೆಸರಿಟ್ಟೆವು. ಎಲ್ಲ ಬಟ್ಟೆಗಳನ್ನೂ ಒಳಗು ಹೊರಗು ಮಾಡಿ ತೊಡಿಸಿ, ಹೊಲಿಗೆ, ತೇಪೆ, ಅಸ್ತರು ಕಾಣುವಂತೆ ಫೋಟೊ ತೆಗೆಯುವುದೆಂದು ತೀರ್ಮಾನವಾಯಿತು. ಬಟ್ಟೆಯ ಯೋಗ್ಯತೆ ಒಳಗಡೆ ನೋಡಿದರೆ ತಿಳಿಯುತ್ತದೆ ಎಂದು ನಾನೇ ದೊಡ್ಡದಾಗಿ ಭಾಷಣ ಬಿಗಿದೆ. ಪ್ರತಿ ಬಟ್ಟೆಯೂ ಎಲ್ಲಿಂದ ಬಂತು ಎಂಬುದನ್ನು ಕೊನೆಯ ಪುಟದಲ್ಲಿ ಅಚ್ಚು ಹಾಕುವುದು ನಮ್ಮ ಪತ್ರಿಕೆಯ ಪದ್ಧತಿ. ಆ ಪುಟ ಬರೆಯುವುದು ನನ್ನ ಕೆಲಸ.

11ರಂದು ಬೆಳಿಗ್ಗೆ 8-15ಕ್ಕೆ ಬಟ್ಟೆಯ ಮೂಟೆ ಸಾಗಿಸಲು ಅಣ್ಣನ ಕಾರಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದುಕೊಂಡೆ. ಅಣ್ಣ ಸ್ನಾನಕ್ಕೆ ಹೋಗಿದ್ದ. ಡಿಕ್ಕಿಯಲ್ಲಿ ಜಾಗ ಮಾಡಲು ಹಾಸು ಎತ್ತಿದಾಗ, ಹೆಚ್ಚುವರಿ ಚಕ್ರದ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹೆಂಗಸರ ನೀಲಿ ಉಣ್ಣೆ ಕೋಟು ಸಿಕ್ಕಿತು. ಅಣ್ಣನಿಗೆ ಯಾರೋ ಹುಡುಗಿ ಇದ್ದಾಳೆ, ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಒಬ್ಬಳೇ ನಕ್ಕೆ. ನಕ್ಕದ್ದನ್ನೂ ಬರೆಯಿರಿ ಎಂದು ಬರಹಗಾರರನ್ನು ಕೇಳಿಕೊಂಡಿದ್ದೇನೆ.

ಕೋಟು ಹೊರಗಿನಿಂದ ಸಾಧಾರಣ. ಎಲ್ಲ ಅಂಗಡಿಯಲ್ಲೂ ನೇತುಹಾಕಿರುವಂಥದ್ದು. ತಿರುಗಿಸಿದಾಗ ಬಲಗಡೆ ಕಂಕುಳ ಕೆಳಗೆ ಅಸ್ತರಿಗೆ ಹಳದಿ ಹೂವಿನ ದಿಂಬಿನ ಬಟ್ಟೆಯ ತೇಪೆ, ಅದರ ಸುತ್ತ ಹಸಿರು ದಾರದ ಕೈಹೊಲಿಗೆ ಇತ್ತು. ನಮಗೆ ಬೇಕಾಗಿದ್ದುದು ಅದೇ. ಮೇಲಿನಿಂದ ಎರಡನೇ ಗುಂಡಿ ಇರಲಿಲ್ಲ. ಗುಂಡಿಯ ಜೊತೆ ಬಟ್ಟೆಯೂ ಒಂದು ಇಂಚಿನಷ್ಟು ಹರಿದುಬಂದಿತ್ತು. ನಾನು ಅದನ್ನು ಹಬೆ ಇಸ್ತ್ರಿ ಮಾಡಿ, ಹರಿದದ್ದನ್ನು ಹೊಲಿದು, ಬೇರೆ ಗುಂಡಿ ಹಚ್ಚಿದೆ. ಹೊಲಿಗೆ ಎಷ್ಟು ಚೊಕ್ಕಟವಾಗಿ ಬಂತೆಂದರೆ ಮೇಷ್ಟ್ರು ಹೊಗಳಿದರು.

10-20ಕ್ಕೆ ಕಾಲೇಜಿನ ಮೆಟ್ಟಿಲ ಮೇಲೆ, ನಾವು ಏಣಿ ಎಂದು ಕರೆಯುವ ಎತ್ತರದ ಗೆಳತಿಗೆ ಅದನ್ನು ಒಳಗು ಹೊರಗು ಮಾಡಿ ತೊಡಿಸಿದೆವು. ಅಳತೆ ದೊಡ್ಡದಾದ್ದರಿಂದ ಬೆನ್ನಿಗೆ ನಾಲ್ಕು ಕ್ಲಿಪ್ಪು ಹಾಕಿದೆವು. ಕೈ ಎತ್ತಿ ತೇಪೆ ತೋರಿಸು ಎಂದು ಹೇಳಿದವಳು ನಾನೇ. ಆ ಫೋಟೊ ಮುಖಪುಟವಾಯಿತು. ಅದೇ ಸಂಜೆ ಕೋಟನ್ನು ಇದ್ದಲ್ಲೇ ಇಟ್ಟೆ. ಅಣ್ಣನನ್ನು ಕೇಳಲಿಲ್ಲ, ಪತ್ರಿಕೆ ಕೈಗಿತ್ತು ಅವನ ಮುಖ ಕೆಂಪಾಗುವುದನ್ನು ನೋಡುವ ಆಸೆ ಇತ್ತು. ಹಾಗಾಗಿ ಕೊನೆಯ ಪುಟಕ್ಕೆ, ‘ಕೋಟು: ನಮ್ಮಣ್ಣನ ಕಾರಿನ ಡಿಕ್ಕಿಯಿಂದ. ಯಾರದೆಂದು ಅವನೇ ಬಾಯಿ ಬಿಡಲಿ’ ಎಂದು ಬರೆದೆ.

ಇಂದು 19ರಂದು ಬೆಳಿಗ್ಗೆ 11-40ಕ್ಕೆ ಮುದ್ರಣಾಲಯಕ್ಕೆ ಹೋದೆ. ಠಾಣೆಯಿಂದ ಅದು ಸುಮಾರು 600 ಮೀಟರ್ ದೂರ. ಅಚ್ಚಾದ ಹಾಳೆಗಳನ್ನು ಮಡಚಿ ಹೊಲಿಯುವ ಹೆಂಗಸು, ಸುಮಾರು ಐವತ್ತು ವರ್ಷ, ಮೇಜಿನ ಮುಂದೆ ಮುಖಪುಟ ಹಿಡಿದು ನಿಂತಿದ್ದರು. ಕೆಲಸ ನಿಲ್ಲಿಸಿದ್ದರು. ತೇಪೆಯ ಮೇಲೆ ಹೆಬ್ಬೆರಳು ಒತ್ತಿದ್ದರಿಂದ ಹಸಿ ಶಾಯಿ ಕದಡಿತ್ತು. ಹಾಳೆ ಹಾಳು ಮಾಡಿದ್ದಕ್ಕೆ ನಾನು ಮೊದಲು ರೇಗಿದೆ. ಅವರು ನನ್ನ ಕಡೆ ನೋಡದೆ, ‘ಈ ಹಸಿರು ದಾರ ನಂದು. ಕಪ್ಪು ಮುಗಿದಿತ್ತು. ತಡ ಆಯ್ತು ತಡ ಆಯ್ತು ಅಂತ ಅವಳು ಕುಣೀತಿದ್ಲು, ಸಿಕ್ಕ ದಾರದಲ್ಲೇ ಹೊಲಿದುಕೊಟ್ಟೆ’ ಎಂದು ಹೇಳಿದರು.

ಹನ್ನೊಂದು ತಿಂಗಳ ಹಿಂದೆ ಆ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದ ಮಗಳು ಮರಳಿ ಬಂದಿಲ್ಲವೆಂದೂ, ಇದೇ ಠಾಣೆಯಲ್ಲಿ ದೂರು ಇದೆಯೆಂದೂ ಅವರು ತಿಳಿಸಿದರು. ಹೊರಗಿನಿಂದ ನೋಡಿದ್ದರೆ ತನಗೆ ಗುರುತೇ ಸಿಗುತ್ತಿರಲಿಲ್ಲ ಎಂದರು. ನಂತರ ಕೊನೆಯ ಪುಟದ ಹಾಳೆ ತೆಗೆದು, ಬೆರಳಿಟ್ಟು ಓದಿ, ಈ ಅಣ್ಣ ಯಾರಮ್ಮ ಎಂದು ಕೇಳಿದರು. ನನ್ನಣ್ಣನೇ ಎಂದೂ, ಹಳೇ ಬಟ್ಟೆ ಅಂಗಡಿಯಲ್ಲಿ ಕೊಂಡಿರಬೇಕೆಂದೂ, ಠಾಣೆಗೆ ಬಂದು ಅವನಿಂದಲೇ ಹೇಳಿಸುತ್ತೇನೆಂದೂ ಹೇಳಿದೆ. ಆಗ ನಾನು ಅದನ್ನು ನಂಬಿದ್ದೆ. ಅಣ್ಣ ಇರುವೆ ಸಾಲು ಕಂಡರೂ ದಾಟಿ ಹೋಗುವವನು.

12-20ಕ್ಕೆ ಇಬ್ಬರೂ ನಡೆದುಕೊಂಡೇ ಠಾಣೆ ತಲುಪಿದೆವು. ದಾರಿಯುದ್ದಕ್ಕೂ ಅವರು ನನ್ನ ಮುಂಗೈ ಹಿಡಿದಿದ್ದರು. 12-25ಕ್ಕೆ ಬರಹಗಾರರ ಅನುಮತಿ ಪಡೆದು, ಅವರಿಬ್ಬರ ಎದುರಿನಲ್ಲೇ ಅಣ್ಣನಿಗೆ ಫೋನ್ ಮಾಡಿದೆ. ನಿನ್ನ ಡಿಕ್ಕಿಯಲ್ಲಿದ್ದ ನೀಲಿ ಕೋಟು ನಮ್ಮ ಪತ್ರಿಕೆಯ ಮುಖಪುಟದಲ್ಲಿ ಬಂದಿದೆ ಎಂದಷ್ಟೇ ಹೇಳಿದೆ. ಎಲ್ಲಿದ್ದೇನೆ, ಜೊತೆಗೆ ಯಾರಿದ್ದಾರೆ, ಏನನ್ನೂ ಹೇಳಲಿಲ್ಲ. ಕರೆ ಕಡಿದಿದೆಯೇನೋ ಎಂದು ಪರದೆ ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು. ಮೂವತ್ತೊಂದನೇ ಸೆಕೆಂಡಿಗೆ ಅಣ್ಣ, ‘ಪುಟ್ಟಿ, ಅವಳಮ್ಮ ನೋಡಿಬಿಟ್ರಾ?’ ಎಂದು ಕೇಳಿದ.

ಹೂಂ ಎಂದೆ.

ಮೇಲೆ ಬರೆದದ್ದನ್ನು ಎರಡು ಬಾರಿ ಓದಿ ಹೇಳಿದ್ದಾರೆ, ನಾನು ನುಡಿದಂತೆಯೇ ಇದೆ, ಸತ್ಯವಾಗಿದೆ. ಅಣ್ಣ ಎಂದಿರುವ ಕಡೆಯೆಲ್ಲ ನನ್ನ ಒಡಹುಟ್ಟಿದವನೆಂದೇ ಓದಿಕೊಳ್ಳತಕ್ಕದ್ದು. ನನಗಿರುವವನು ಅವನೊಬ್ಬನೇ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 19, ಮಧ್ಯಾಹ್ನ 1-35
ಸಹಿ: (ಹೇಳಿಕೆ ಕೊಟ್ಟವಳು)