ಉಳಿದ ಕಡೆಯ ಅಧ್ಯಾಯ

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೋದ ಮೇಲೆ, ಹಾಲಿನವನು ಎಂದಿನಂತೆ ಕೂಗಿದ ಮೊದಲ ಬೆಳಗು ಅದು. ಮೇಷ್ಟ್ರಾಗಿದ್ದ ಅವರ ಬ್ಯಾಗಿನಲ್ಲಿ ಒಂದು ಕಾದಂಬರಿ ಸಿಕ್ಕಿತು. ಒಳಪುಟದಲ್ಲಿ ‘ಪಾಲಾಕ್ಷಿ, ಒಂಬತ್ತನೇ ತರಗತಿ’ ಎಂದಿತ್ತು. ಅವರು ಕಲಿಸುತ್ತಿದ್ದ ಶಾಲೆಗೆ ಮುಟ್ಟಿಸೋಣವೆಂದು ಚಳ್ಳಕೆರೆಯಲ್ಲಿ ಪರಶುರಾಂಪುರದ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಯೂನಿಫಾರ್ಮ್ ತೊಟ್ಟ ಮಗಳು.

“ನನ್ನ ಪುಸ್ತಕ ಸಾರ್ ಹತ್ರನೇ ಉಳೀತು ಕಣವ್ವ.”

“ಉಳೀಲಿ ಬಿಡು ಪಾಲಾಕ್ಷಿ. ಏನೈತೆ ಅದ್ರಾಗೆ?”

“ಒಂದೂರು. ಸುತ್ತ ಗೋಡೆ. ಹದಿನಾರು ತುಂಬಿದ ಮಕ್ಕಳನ್ನ ಆಚೆ ತಳ್ತಾರೆ. ಹೋದೋರು ವಾಪಸ್ ಬರಲ್ಲ.”

“ಕುರಿ ಮೇಯೋ ನಮ್ಮ ಕಾವಲಿಗೂ ಗೋಡೆ ಹಾಕವ್ರೆ. ಕುರಿ ಹೊಡ್ಕಂಡು ಬಾ, ತೋರಿಸ್ತೀನಿ. ಅದಕ್ಕೆ ಪುಸ್ತಕ ಬೇಕಾ?”

“ಓದಿದ್ರೆ ಹೆದರಿಕೆ ಆಗುತ್ತೆ. ಬಿಡಾಕೂ ಆಗಲ್ಲ.”

“ನಿದ್ದೇಲಿ ಚೀರ್ತಿದ್ದೆ. ಮಕ್ಕಳು ಓದೋದಾ ಇದು, ನೋಡ್ರಿ ಸಾರ್ ಅಂತ ನಾನೇ ಅವ್ರ ಕೈಗೆ ಕೊಟ್ಟೆ. ಓದಾಕೆ ಒಯ್ದೋರು ಏನಾದ್ರು?”

“ಅವ್ರಿಗೆ ಹಾರ್ಟ್ ಅಟ್ಯಾಕ್. ಪುಸ್ತಕ ಏನ್ ಮಾಡ್ತು?”

“ನಂಗೊತ್ತಿಲ್ಲ. ಸಾವಿನ ಮನೇದು ನಮ್ಮನೆಗೆ ಬ್ಯಾಡ.”

“ಕಡೇ ಅಧ್ಯಾಯ ಉಳಿದೈತೆ. ಆ ಹುಡುಗಿ ಬದುಕ್ತಾಳೋ ಇಲ್ವೋ!”

ಇಳಿಯಲು ಅವರು ಎದ್ದಾಗ ಪುಸ್ತಕ ಚಾಚಿದೆ. ಮೇಷ್ಟ್ರ ಹೆಂಡತಿ ಎಂದೆ. ಹುಡುಗಿಯ ಕೈಯನ್ನು ತಾಯಿ ಹಿಂದಕ್ಕೆಳೆದಳು. ಬಳೆಯಿಲ್ಲದ ನನ್ನ ಕೈಯನ್ನೇ ನೋಡಿದಳು.

“ಸಾರ್ ಏನಂದ್ರು? ಮಗೀಗೆ ಕೊಡಬೌದಂತಾ?”

“ಏನೂ ಹೇಳಲಿಲ್ಲಮ್ಮ.”

ಕಂಡಕ್ಟರ್ ಬೇಗ ಇಳೀರಿ ಎಂದ. ಆಕೆ ಮಗಳ ಮುಖ ನೋಡಿ, ತಾನೇ ಸೆರಗೊಡ್ಡಿದಳು. ನಾನು ಪುಸ್ತಕವನ್ನು ಅದರಲ್ಲಿಟ್ಟೆ.

“ಹಗಲೊತ್ತು, ನನ್ನೆದುರಿಗೇ ಓದ್ಬೇಕು. ಜೋರಾಗಿ,” ಎಂದು ಮಗಳಿಗೆ ಹೇಳುತ್ತ ಇಳಿದುಹೋದಳು.