ಇಳೀತಾ?

ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗನಿಗೆ. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ. ಈಗಷ್ಟೇ ಉಂಡು ಬಂದವರು ಸ್ವಲ್ಪ ದೂರ ಕೂತ್ಕೊಳ್ಳಿ... ಯಾಕಂದ್ರೆ ಇದರಲ್ಲಿ ಹೆದರಿಕೆಗಿಂತ ಹೇಸಿಗೆ ಜಾಸ್ತಿ.

ಅವನನ್ನ ಎಲ್ಲರೂ ಪೈಪಣ್ಣ ಅಂತಲೇ ಕರೆಯೋದು. ಕಟ್ಟಿಕೊಂಡ ಸಿಂಕು, ಬಚ್ಚಲು, ಮೋರಿ ಬಿಡಿಸೋ ಕೆಲಸ. ಹೋಟೆಲ್ ಅಡುಗೆಮನೆಯ ಮೋರಿಯನ್ನ ಕೊನೇ ಗಿರಾಕಿ ಎದ್ದುಹೋದ ಮೇಲೇ ಬಿಚ್ಚಬೇಕು. ಹಾಗಾಗಿ ಮನೆಗೆ ಬರೋದು ಸರಿರಾತ್ರಿಗೆ. ಮೊಣಕೈ ತನಕ ಕೊಳೆತ ಜಿಡ್ಡಿನಲ್ಲಿ ಕೈ ಬಿಟ್ಟು, ಅದೇ ಕೈ ತೊಳೆದು ಬ್ರೆಡ್ಡು ತಿಂದ ಮನುಷ್ಯ. ಇವನಿಗೆ ಹೇಸಿಗೆ ಅನ್ನೋದನ್ನ ದೇವರು ಇಡೋಕೇ ಮರೆತ ಅಂತ ನಾವು ತಮಾಷೆ ಮಾಡ್ತಿದ್ವಿ. ಮರೆತಿರಲಿಲ್ಲ... ಅದು ಅವನ ಗಂಟಲ ಕೆಳಗೇ ಕಾಯ್ಕೊಂಡು ಕೂತಿತ್ತು.

ಮೊದಲು ಮಾಂಸದ ತುಂಡು ಸಿಕ್ಕಿಕೊಳ್ತು. ಆಮೇಲೆ ಬ್ರೆಡ್ಡು. ಆಮೇಲೆ ಮೆತ್ತಗೆ ಬೇಯಿಸಿದ ಅನ್ನ. ಎದೆಗೂಡಿನ ಹಿಂದೆ ಒಂದು ಜಾಗಕ್ಕೆ ಬಂದು ನಿಲ್ಲೋದು, ಅಷ್ಟೇ. ಸ್ವಲ್ಪ ಹೊತ್ತಿಗೆ ನೊರೆನೊರೆ ಎಂಜಲು ಉಕ್ಕಿ, ನುಂಗಿದ ತುತ್ತು ಹಾಗೇ ವಾಪಸ್ ಬಾಯಿಗೆ. ಹುಳಿ ಕೂಡ ಇಲ್ಲ. ಹೊಟ್ಟೆ ತನಕ ಹೋಗಿದ್ರೆ ತಾನೆ ಹುಳಿಯಾಗೋದು! ಬೆಚ್ಚಗೆ, ಲೋಳೆ ಲೋಳೆ, ತುಟಿಯಿಂದ ಎಳೆಎಳೆಯಾಗಿ ಜೋತಾಡೋದು. ಥೂ... ಹೇಳೋಕೇ ನನಗೆ ವಾಕರಿಕೆ ಬರ್ತಿದೆ.

ಬೇರೆಯವರಾಗಿದ್ರೆ ಡಾಕ್ಟರ ಹತ್ರ ಓಡ್ತಿದ್ರು. ಇವನು ಪೈಪಿನವನಲ್ವಾ? ಜಿಡ್ಡು ಕಟ್ಟಿದ ಸಿಂಕಿಗೆ ಕುದಿಯೋ ನೀರು ಹುಯ್ತಾರೆ. ಅದನ್ನೇ ಗಂಟಲಿಗೂ ಮಾಡಿದ. ಒಲೆಯಿಂದ ಇಳಿಸಿದ ನೀರು, ಹೊಗೆಯಾಡೋ ಟೀ, ಗಟಗಟ. ನಾಲಿಗೆ ಬೆಂದು ಬಿಳೀ ಪೊರೆ ಏಳ್ತಿತ್ತು. ಅದನ್ನ ಉಗುರಿನಿಂದ ಸುಲಿದು ಉಗಿಯೋನು. ಸುಟ್ಟಷ್ಟೂ ಒಳಗಿನ ಗಂಟು ಕರಗುತ್ತೆ ಅಂತ ಅವನ ಲೆಕ್ಕಾಚಾರ.

ಹೊಗೆಯಾಡೋದನ್ನ ಹಾಗೇ ಕುಡಿಯೋ ಚಟ ವರ್ಷಗಳ ಹಿಂದೆಯೇ ಇವನಿಗೆ ಅಂಟಿಸಿದ್ದು ಅವನ ಗುರು, ಬಿಸಿ ಮೇಸ್ತ್ರಿ. ಕುದಿ ನಿಂತ ಟೀ ಅಂದ್ರೆ ಹೆಣ ಕಣೋ ಅನ್ನೋ ಆಸಾಮಿ. ಬಾಯಿ ನೆಗ್ಗಿದ ಒಂದು ಸ್ಟೀಲ್ ಲೋಟ, ಅದನ್ನ ಬಿಟ್ಟು ಬೇರೆಯದರಲ್ಲಿ ಕುಡಿದವನಲ್ಲ. ಇಬ್ಬರೂ ಜೋಡಿಯಾಗಿ ಕೆಲಸ ಮಾಡ್ತಿದ್ರು. ಮೇಸ್ತ್ರಿ ಕೆಳಗೆ ಮೋರಿ ಗುಂಡಿಯ ಹತ್ರ, ಪೈಪಣ್ಣ ಮೇಲೆ ಬಚ್ಚಲಲ್ಲಿ. ಇವನು ನೀರು ಹುಯ್ದಾಗ ಕೆಳಗಿಂದ ಒಂದು ಕೂಗು, “ಇಳೀತಾ?” ಮೇಲಿಂದ ಉತ್ತರ, “ಇಳೀತು!” ಅವರ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ನೀರು ಇಳಿಯದೆ ‘ಇಳೀತು’ ಅನ್ನಬಾರದು. ಅಂದ್ರೆ ಕೆಳಗಿನವನು ನಂಬಿ ಮುಚ್ಚಳ ಬಿಗಿದುಬಿಡ್ತಾನೆ, ಹೊಲಸೆಲ್ಲ ಉಕ್ಕಿ ಮನೆಯೊಳಗೇ ಬರುತ್ತೆ.

ಆ ಮೇಸ್ತ್ರಿ ಹೋದ ವರ್ಷ ಒಣಗಿ ಕಡ್ಡಿಯಾದ. ಕೇಳಿದ್ರೆ ಎದೆಯುರಿ ಅನ್ನೋನು. ಒಂದು ಬೆಳಗ್ಗೆ ನಮ್ಮ ಓಣಿ ತಿರುವಿನ ಪಾಳುಬಾವಿ ಕಟ್ಟೆಗೆ ಒರಗಿಕೊಂಡು ಕೂತಿದ್ದ... ಹಾಗೇ ಸತ್ತಿದ್ದ. ಅಂಗಿ ಮುಂಭಾಗ ಪೂರ್ತಿ ಒಣಗಿದ ಜೊಲ್ಲು. ಪಕ್ಕದಲ್ಲಿ ಟೀ ಪಾತ್ರೆ ಇತ್ತು. ಲೋಟ ಮಾತ್ರ ಸಿಗಲಿಲ್ಲ.

ಇಷ್ಟೆಲ್ಲಾ ಗೊತ್ತಿದ್ದೂ ಪೈಪಣ್ಣ ಬಾಯಿ ಬಿಡಲಿಲ್ಲ. ಅವನ ಹೆಂಡತಿ, ಅಂದ್ರೆ ನಮ್ಮತ್ತಿಗೆ, ಕಟ್ಟಿಕೊಟ್ಟ ಡಬ್ಬಿ ಮಾತ್ರ ದಿನಾ ಖಾಲಿ ಮಾಡಿಕೊಂಡು ಬರ್ತಿದ್ದ. ಹೇಗೆ ಅಂತೀರಾ? ಒಂದೊಂದು ತುತ್ತನ್ನೂ ಅಗಿಯೋದು, ನುಂಗೋದು, ಅದು ವಾಪಸ್ ಬಂದಾಗ ಪ್ಲಾಸ್ಟಿಕ್ ಕವರಿಗೆ ಉಗಿಯೋದು. ಕೊನೆಗೆ ಕವರಿನ ಬಾಯಿಗೆ ನಲ್ಲಿ ಸೋರದ ಹಾಗೆ ಸುತ್ತೋ ಟೇಪು ಸುತ್ತಿ, ಬರೋ ದಾರಿಯಲ್ಲಿ ಆ ಬಾವಿಗೆ ಎಸೆಯೋದು. ಕಸದ ತೊಟ್ಟಿಗೆ ಹಾಕಿದ್ರೆ ನಾಯಿ ಎಳ್ಕೊಂಡು ಮನೆ ಮುಂದೇ ತಂದು ಬಿಚ್ಚುತ್ತೆ ಅಂತ ಭಯ. ನೀರಿಲ್ಲದ ಬಾವಿ. ಕವರು ಬಿದ್ರೆ ‘ಪೊತ್’ ಅಂತ ಒಂದೇ ಸದ್ದು.

ಒಂದು ರಾತ್ರಿ ಆ ಸದ್ದು ಬರಲಿಲ್ಲ.

ಪೈಪಣ್ಣ ನಿಂತ. ಕಿವಿಗೊಟ್ಟ. ಬೀದಿದೀಪ ‘ಝ್‌ಝ್’ ಅಂತಿತ್ತು, ಬೇರೇನಿಲ್ಲ... ಆಮೇಲೆ ಬಾವಿಯ ತಳದಿಂದ ಪಿಸುಮಾತು.

“ಇಳೀತಾ...?”

ಅಭ್ಯಾಸಬಲ ನೋಡಿ. ತಲೆ ಓಡೋದಕ್ಕೆ ಮುಂಚೆ ಬಾಯಿ ಹೇಳಿಬಿಡ್ತು. “ಇಳೀತು.”

ಹೇಳಿದ ಮೇಲೆ ಹೊಳೀತು, ಬಾವಿಯೊಳಗೆ ಯಾರೂ ಇರೋಕೆ ಸಾಧ್ಯ ಇಲ್ಲ ಅಂತ. ಮನೆ ತನಕ ಹಿಂತಿರುಗಿ ನೋಡಲಿಲ್ಲ. ಬಾಗಿಲು ತೆಗೆದ ಅತ್ತಿಗೆ ಡಬ್ಬಿ ಅಲ್ಲಾಡಿಸಿ ನೋಡಿ, “ಎಲ್ಲಾ ತಿಂದ್ರಾ? ಮತ್ಯಾಕ್ರೀ ಹೀಗೆ ಬಡವಾಗ್ತಿದೀರಾ?” ಅಂದ್ಲು. “ಕೆಲಸ ಕಣೇ,” ಅಂದ. ಅವಳು ಮೂಗು ಮುಚ್ಕೊಂಡು ಆಚೆ ತಿರುಗಿದ್ಲು. ಅವನ ಉಸಿರು ವಾರದಿಂದ ಕಟ್ಟಿಕೊಂಡ ಸಿಂಕಿನ ಹಾಗೆ ನಾರ್ತಿತ್ತು. ಅವನಿಗೂ ಗೊತ್ತಿತ್ತು. ತನ್ನ ಮೈಯನ್ನ ಕಂಡು ತಾನೇ ಅಸಹ್ಯಪಟ್ಕೊಂಡು ಅವತ್ತಿಂದ ಚಾಪೆ ಹೊರಗೆ ಹಾಸ್ಕೊಂಡ.

ಆಮೇಲೆ ದಿನಾ ಅದೇ. ಕವರು ಎಸೆಯೋದು, ಪಿಸುಮಾತು, “ಇಳೀತು.” ಅಷ್ಟರಲ್ಲಿ ಗಂಜಿ ಕೂಡ ಎದೆಯಲ್ಲೇ ಸಿಕ್ಕಿಕೊಳ್ಳೋಕೆ ಶುರುವಾಗಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಪ್ಲಾಸ್ಟಿಕ್ ದಾರ ಕಟ್ಕೊಂಡಿದ್ದ. ಬೇರೆ ದಾರಿಯಲ್ಲಿ ಹೋಗಬಾರದಿತ್ತಾ ಅಂತ ಕೇಳ್ತೀರಿ, ನಾನೂ ಕೇಳಿದೆ. “ಕವರು ಎಲ್ಲಿ ಹಾಕ್ಲೋ?” ಅಂದ. ನೋಡಿ, ಮನುಷ್ಯನಿಗೆ ದೆವ್ವಕ್ಕಿಂತ ಹೆಂಡತಿಗೆ ಗೊತ್ತಾಗೋದೇ ದೊಡ್ಡ ಭಯ.

ಕೊನೇ ರಾತ್ರಿ ಕವರು ಎಸೆದಾಗ... ಕೆಳಗೆ ಯಾರೋ ಟೇಪು ಬಿಚ್ಚೋ ಸದ್ದು. ಸರ್... ಸರ್... ಆಮೇಲೆ ಚಪ್, ಚಪ್, ಚಪ್. ಹಲ್ಲಿಲ್ಲದವರು ಅಗಿಯೋ ಹಾಗೆ.

ಇವನು ಅಗಿದು ಉಗಿದದ್ದನ್ನ ಅಲ್ಲಿ ಯಾರೋ ಅಗೀತಿದ್ರು.

‘ಗುಳುಕ್’ ಅಂತು. ಮತ್ತೆ ‘ಗುಳುಕ್’. ಆಮೇಲೆ ಕೆಮ್ಮು, ಗೊರಗೊರ ನೊರೆ, ಕರುಳು ಕಿತ್ತು ಬರೋ ಹಾಗೆ ‘ವ್ಯಾ...ಕ್’. ಕತ್ತಲೊಳಗಿಂದ ಕವರು ಹಾರಿ ಬಂದು ಬಾವಿಕಟ್ಟೆ ಮೇಲೆ ಬಿತ್ತು. ಪಚಕ್. ಕವರಿನ ಬಾಯಿಗೆ ಟೇಪು ಇವನು ಸುತ್ತಿದ ಹಾಗೇ ಇತ್ತು. ಮುಟ್ಟಿದ್ರೆ ಕೈ ಸುಡೋವಷ್ಟು ಬಿಸಿ.

“ನಂಗೂ ಇಳೀತಿಲ್ಲ ಕಣೋ...” ಅಂತು ಒಳಗಿನ ದನಿ. “ಯಾಕೋ ಸುಳ್ಳು ಹೇಳ್ತೀಯ...?”

ಮೇಸ್ತ್ರಿ ದನಿ. ಅನುಮಾನವೇ ಇಲ್ಲ.

ಪೈಪಣ್ಣ ಆ ಕವರು ಹಿಡ್ಕೊಂಡೇ ಮನೆಗೆ ಓಡಿಬಂದು ಬಾಗಿಲಲ್ಲೇ ಕೂತ. ಅತ್ತಿಗೆ ಎದ್ದುಬಂದು ದೀಪ ಹಾಕಿದ್ಲು. “ಏನಾಯ್ತ್ರೀ?” ಅಂದ್ರೆ, ಅವನು ಮಗು ಹಾಗೆ ಅಳ್ತಾ ಹೇಳಿದ. “ಇಳೀತಿಲ್ಲ ಕಣೇ... ತಿಂಗಳುಗಟ್ಟಲೆ ಆಯ್ತು, ಏನೂ ಇಳೀತಿಲ್ಲ.” ಕೈಯಲ್ಲಿದ್ದ ಕವರು ತೋರಿಸಿದ. ಅವಳು ಬೈಲಿಲ್ಲ. ಅದನ್ನ ಬಿಚ್ಚಿ ನೋಡಿದ್ಲು. ತಾನು ಕೂತು ಬೇಯಿಸಿದ ಅನ್ನ, ಮೊಟ್ಟೆ, ಲೋಳೆಯಲ್ಲಿ ಉಂಡೆಯಾಗಿತ್ತು. ಹೊರಗೆ ಹೋಗಿ ವಾಂತಿ ಮಾಡಿದ್ಲು. ಬಾಯಿ ತೊಳ್ಕೊಂಡು ಬಂದು ಅವನ ಪಕ್ಕ ಕೂತು, “ಬೆಳಗಾಗಲಿ, ಆಸ್ಪತ್ರೆಗೆ ಹೋಗೋಣ,” ಅಂದ್ಲು.

ಆಸ್ಪತ್ರೆಯಲ್ಲಿ ಗಂಟಲಿಗೆ ಕಹಿ ಮದ್ದು ಸಿಂಪಡಿಸಿ, ಎಡಮಗ್ಗುಲು ಮಲಗಿಸಿ, ಕ್ಯಾಮೆರಾ ಇರೋ ಕರೀ ಪೈಪು ಬಿಟ್ರು. ಜೀವಮಾನವೆಲ್ಲ ಬೇರೆಯವರ ಮೋರಿಗೆ ಪೈಪು ಬಿಟ್ಟವನು ಅವತ್ತು ತಾನೇ ಮೋರಿಯಾದ. ಓಕರಿಸ್ತಾ, ಕಣ್ಣೀರು ಸುರಿಸ್ತಾ, ಪರದೆಯ ಕಡೆ ಕಣ್ಣು ತಿರುಗಿಸಿದ. ಗುಲಾಬಿ ಬಣ್ಣದ ಗೋಡೆ. ಅದರ ಮೇಲೆ ಹೂಕೋಸು ಕೊಳೆತ ಹಾಗೆ ಒಂದು ಮುದ್ದೆ, ಮುಟ್ಟಿದ್ರೆ ರಕ್ತ. ಪಕ್ಕದಲ್ಲಿ ಯಾವತ್ತೋ ತಿಂದ ಬಟಾಣಿ ಕಾಳೊಂದು ಸಿಕ್ಕಿಕೊಂಡು ಊದಿತ್ತು. ಆ ಮುದ್ದೆಯಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದ್ರು. ವರದಿ ಬಂತು. ಅನ್ನನಾಳದ ಕ್ಯಾನ್ಸರ್.

“ಬಿಸಿನೀರು ಹುಯ್ದಿದ್ದೆ ಡಾಕ್ಟ್ರೇ... ಕರಗಲಿಲ್ಲ,” ಅಂದ.

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ರು. “ಇದು ಕಬ್ಬಿಣದ ಪೈಪಲ್ಲಪ್ಪ, ಮಾಂಸ. ಇದೊಂದರಿಂದಲೇ ಬಂತು ಅಂತ ನಾನು ಹೇಳಲ್ಲ. ಆದ್ರೆ ಸುಟ್ಟ ಜಾಗವನ್ನೇ ವರ್ಷಗಟ್ಟಲೆ ಸುಡ್ತಾ ಇದ್ರೆ ಅದು ಕೆಡೋ ಸಂಭವ ಜಾಸ್ತಿ. ಅನ್ನ ಸಿಕ್ಕಿಕೊಂಡ ದಿನವೇ ಬರಬೇಕಿತ್ತು.”

“ಬದುಕ್ತಾರಾ ಮೇಡಂ?” ಅತ್ತಿಗೆ ಕೇಳಿದ್ಲು.

“ಸ್ಕ್ಯಾನ್‌ನಲ್ಲಿ ಬೇರೆ ಕಡೆ ಹರಡಿದ ಹಾಗೆ ಕಾಣ್ತಿಲ್ಲ. ಮೊದಲು ಔಷಧಿ, ಕರೆಂಟು, ಆಮೇಲೆ ಆಪರೇಷನ್. ಪ್ರಯತ್ನ ಮಾಡೋಣ. ಮಾತು ಕೊಡಲ್ಲ.”

ಕರೆಂಟು ಕೊಡೋದು ಅಂದ್ರೆ ಯಂತ್ರದ ಕಿರಣ ಬಿಟ್ಟು ಗೆಡ್ಡೆ ಸುಡೋದು. ಆ ವಾರಗಳ ವಿಷಯ ನಾನು ಪೂರ್ತಿ ಹೇಳಲ್ಲ, ನಿಮಗೆ ನಾಳೆ ತಿಂಡಿ ಸೇರಲ್ಲ. ಬಾಯಿ ತುಂಬ ಹುಣ್ಣು, ದಿಂಬಿನ ಮೇಲೆ ಕೂದಲು, ಬಕೆಟ್ಟಿನ ತಳದಲ್ಲಿ ಹಳದಿ ಲೋಳೆ. ಹೊಟ್ಟೆಗೆ ತೂತು ಮಾಡಿ ಸಣ್ಣ ನಳಿಕೆ ಇಟ್ಟು, ಅದರಲ್ಲಿ ಹಾಲಿನಂಥ ಆಹಾರ ಬಿಡೋರು. ನಾಲಿಗೆಗೆ ರುಚಿಯೇ ಇಲ್ಲ, ಚರ್ಮದ ತೂತಿನ ಸುತ್ತ ಮಾತ್ರ ಹುಳಿ ವಾಸನೆ. ಆಮೇಲೆ ಆಪರೇಷನ್. ಕೆಟ್ಟ ಅನ್ನನಾಳ ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಕೊಳವೆ ಮಾಡಿ ಮೇಲಕ್ಕೆಳೆದು ಜೋಡಿಸಿದ್ರು. ಹೊಲಿಗೆ ಕೂಡೋ ತನಕ ಬಾಯಿಗೆ ಹನಿ ನೀರೂ ಇಲ್ಲ.

ಅಲ್ಲಿಗೂ ಬಂತು ಅದು.

ವಾರ್ಡಿನ ಮೂಲೆಯಲ್ಲಿ ಕೈ ತೊಳೆಯೋ ಸಿಂಕು. ದೀಪ ಆರಿಸಿದ ಮೇಲೆ ಅದರ ತೂತಿನಿಂದ ಮೊದಲು ‘ಗೊಳಕ್’ ಅನ್ನೋದು... ಹೊಲಸು ವಾಸನೆ ಏಳೋದು... ಆಮೇಲೆ, “ಇಳೀತಾ...?”

ಪೈಪಣ್ಣ ತುಟಿ ಕಚ್ಕೊಂಡು ಮಲಗ್ತಿದ್ದ. ಇನ್ನು ಸುಳ್ಳು ಹೇಳಲ್ಲ ಅಂತ ನಿಶ್ಚಯ ಮಾಡಿದ್ದ. ಅವನ ಕಲ್ಪನೆ ಅನ್ನಬೇಡಿ. ಪಕ್ಕದ ಮಂಚದ ಮುದುಕ, ಬಸ್ ಡ್ರೈವರ್ ಆಗಿದ್ದವನು, ಒಂದು ರಾತ್ರಿ ಸಿಡುಕಿದ. “ಯಾರ್ರೀ ಅದು? ದಿನಾ ಕೇಳ್ತಾನೇ ಇದಾನಲ್ಲ, ಏನೋ ಒಂದು ಹೇಳಿ ಕಳಿಸ್ಬಾರ್ದಾ?”

ಕೊನೆಗೊಂದು ದಿನ ಬಣ್ಣದ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದ್ರು. “ಜಾಯಿಂಟು ಸೋರ್ತಿಲ್ವಾ ಡಾಕ್ಟ್ರೇ?” ಅಂತ ಕೇಳಿದ. “ಸೋರ್ತಿಲ್ಲ,” ಅಂದ್ರು. ಸಂಜೆ ಅತ್ತಿಗೆ ಚಮಚದಲ್ಲಿ ನೀರು ಹಿಡಿದ್ಲು. ತಣ್ಣೀರು. ಅರ್ಧ ಗದ್ದದ ಮೇಲೆ ಚೆಲ್ತು. ಉಳಿದದ್ದನ್ನ ಅವನು ನುಂಗಿದ. ಇಬ್ಬರೂ ಕಾದು ಕೂತ್ರು. ವಾಪಸ್ ಬರಲಿಲ್ಲ.

ಅವತ್ತು ರಾತ್ರಿ ಸಿಂಕು ‘ಗೊಳಕ್’ ಅಂತು. “ಇಳೀತಾ...?”

ಪೈಪಣ್ಣ ಎದ್ದು ಕೂತ. ಅತ್ತಿಗೆ ನೆಲದ ಮೇಲೆ ಎಚ್ಚರವಾಗೇ ಇದ್ಲು, ಅವಳೂ ಕೇಳಿದ್ಲು.

“ಇಳೀತು ಮೇಸ್ತ್ರಿ,” ಅಂದ. “ನಿಜವಾಗ್ಲೂ.”

ಯಾರೂ ನಲ್ಲಿ ತಿರುಗಿಸಿರಲಿಲ್ಲ. ಆದರೂ ಸಿಂಕಿನೊಳಗೆ ನೀರು ಇಳಿಯೋ ಸದ್ದು... ಗೊಳಗೊಳ ಅಂತ ಸುತ್ತಿ, ಸುತ್ತಿ, ಕೊನೆಗೆ ‘ಸುರ್ರ್...’ ಅಂತ ಎಳ್ಕೊಂಡು ಹೋಯ್ತು. ವಾಸನೆಯೂ ಹೋಯ್ತು. ಮತ್ತೆ ಅದು ಕೇಳಲಿಲ್ಲ.

ಈಗ ಪೈಪಣ್ಣ ಮನೆಯಲ್ಲೇ ಇದಾನೆ. ಹಕ್ಕಿ ಹಾಗೆ ಸ್ವಲ್ಪಸ್ವಲ್ಪ ತಿಂತಾನೆ, ತಲೆ ಎತ್ತರಿಸ್ಕೊಂಡೇ ಮಲಗ್ತಾನೆ, ಬಗ್ಗಿದ್ರೆ ಹುಳಿ ನೀರು ಬಾಯಿಗೆ ಬರುತ್ತೆ. ಪರೀಕ್ಷೆಗೆ ಕರೆದಾಗೆಲ್ಲ ಹೋಗಿ ಬರ್ತಾನೆ. ಮುಂದೆ ಹೇಗೋ ಗೊತ್ತಿಲ್ಲ. ಚಾಪೆ ಮಾತ್ರ ಒಳಗೆ ಬಂದಿದೆ.

ಮೊನ್ನೆ ಆ ಬಾವಿ ಮುಚ್ಚೋಕೆ ಜನ ಬಂದಿದ್ರು. ಪೈಪಣ್ಣ ತನ್ನ ಮನೆ ಜಗುಲಿಯಿಂದಲೇ ಇಣುಕಿ ನೋಡ್ತಿದ್ದ. ಅಷ್ಟು ತಿಂಗಳ ಕವರು ಮೇಲೆ ಬಂದ್ರೆ ಮಾನ ಹೋಗುತ್ತಲ್ಲ! ಹಗ್ಗ ಕಟ್ಕೊಂಡು ಇಳಿದವನು ಮೇಲೆ ಬಂದು, “ಕಸ ಒಂದು ಚೂರೂ ಇಲ್ಲ, ಗುಡಿಸಿದ ಹಾಗಿದೆ. ಇದೊಂದು ಬಿದ್ದಿತ್ತು,” ಅಂದ. ಬಾಯಿ ನೆಗ್ಗಿದ ಸ್ಟೀಲ್ ಲೋಟ. ಖಾಲಿ ಲೋಟ. ಅದನ್ನ ಅವನು ಟವಲಿನಲ್ಲಿ ಸುತ್ತಿ ಹಿಡಿದಿದ್ದ, “ಹಿಡಿಯೋಕಾಗ್ತಿಲ್ಲ” ಅಂತ ಗೊಣಗ್ತಾ ಪೈಪಣ್ಣನ ಜಗುಲಿಗೆ ಬಂದು ಅಲ್ಲಿದ್ದ ಅತ್ತಿಗೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲಿಟ್ಟ.

ನಗೋರು ನಗಿ. ನಾಳೆ ಹಗಲಿನಲ್ಲಿ ಅವರ ಮನೆಗೆ ಹೋಗಿ ನೋಡಿ. ನೀಲಿ ಸ್ಟೂಲು, ಬಾಗಿಲ ಬಲಗಡೆ ಇರುತ್ತೆ. ಲೋಟದ ತಳದಷ್ಟು ಅಗಲಕ್ಕೆ, ದುಂಡಗೆ, ಪ್ಲಾಸ್ಟಿಕ್ ಕರಗಿ ತಗ್ಗಾಗಿದೆ. ನಾನು ಬೆರಳಿಟ್ಟು ನೋಡಿದೀನಿ.